ಮುಚ್ಚಳದ ಮೇಲಿನ ‘ಧಾ’

ದೆಹಲಿ ಮೆಟ್ರೋದಲ್ಲಿ ಮೊದಲ ಬೋಗಿ ಹೆಂಗಸರದು. ಅದಕ್ಕೂ ಎರಡನೆಯದಕ್ಕೂ ನಡುವೆ ಗೋಡೆಯಿಲ್ಲ. ಅಲುಗಾಡುವ ಒಂದು ಜೋಡಣೆ, ನೆಲದ ಮೇಲೊಂದು ಗುಲಾಬಿ ಗುರುತು, ಅಷ್ಟೆ. ಆ ಬೆಳಿಗ್ಗೆ ಕರೋಲ್ ಬಾಗ್‌ನಲ್ಲಿ ಹತ್ತಿದ ಒಬ್ಬ ಗಂಡಸು ಗುರುತನ್ನು ದಾಟಿ ಬಂದು ನಾನು ಹಿಡಿದಿದ್ದ ಕಂಬವನ್ನೇ ಹಿಡಿದ.

“ಭಯ್ಯಾ, ಲೇಡೀಸ್ ಕೋಚ್,” ಎಂದೆ.

“ಅಯ್ಯೋ ದೇವ್ರೇ!” ಎಂದು ಅವನು ಹಿಂದಕ್ಕೆ ಜಿಗಿದ.

ನಾನು ನಕ್ಕುಬಿಟ್ಟೆ. “ಕನ್ನಡದವರಾ?”

“ತಿಪಟೂರು.” ಗುರುತಿನ ಆಚೆ ನಿಂತು ಕೈಮುಗಿದ. “ಅನೂಪ್. ದಂಡ ಹಾಕಿಸ್ಬೇಡಿ, ಇವತ್ತು ಹೊಸ ಕೆಲಸದ ಮೊದಲ ದಿನ.”

ನೋಯ್ಡಾದಲ್ಲಿ ಇಬ್ಬರೂ ಒಂದೇ ಸ್ಟೇಷನ್ನಿನಲ್ಲಿ ಇಳಿದೆವು. ಒಂದೇ ಗೇಟಿನ ಮುಂದೆ ನಿಂತೆವು. ಅವನು ನಮ್ಮ ಕಂಪನಿಯ ಹೊಸ ಮಾರ್ಕೆಟಿಂಗ್ ಮ್ಯಾನೇಜರ್.

ನಾನು ಧಾರಿಣಿ. ಮೈಸೂರಿನಲ್ಲಿ ಎಂಎಸ್ಸಿ ಮುಗಿಸಿ ಬಂದು, ಆ ಕಂಪನಿಯ ಲ್ಯಾಬಿನಲ್ಲಿ ಸರ್ಫ್ಯಾಕ್ಟಂಟ್ ತಯಾರಿಸುವವಳು. ಸೋಪು, ಶಾಂಪೂಗಳಲ್ಲಿ ಜಿಡ್ಡನ್ನು ನೀರಿನ ಜೊತೆ ಕಳಿಸುವ ವಸ್ತು ಅದು. ಎಲ್ಲರೂ ಅದಕ್ಕೆ ಸಲ್ಫೇಟ್ ಬಳಸುತ್ತಾರೆ. ಅಗ್ಗ, ಹೇರಳ ನೊರೆ. ನಾನು ಮೂರು ವರ್ಷ ಕೂತು ತೆಂಗಿನೆಣ್ಣೆ ಮತ್ತು ಮೆಕ್ಕೆಜೋಳದ ಸಕ್ಕರೆಯಿಂದ ಸಲ್ಫೇಟ್ ಇಲ್ಲದ ಒಂದನ್ನು ಮಾಡಿದ್ದೆ. ಮಗುವಿನ ಕಣ್ಣಿಗೆ ಬಿದ್ದರೂ ಉರಿ ಕಡಿಮೆ. ನೊರೆಯೂ ಕಡಿಮೆ.

“ಅಂದ್ರೆ ತಿಪಟೂರಿನವನಾದ ನಾನು ನಿಮ್ಮ ಕಚ್ಚಾ ವಸ್ತು,” ಎಂದ ಲ್ಯಾಬ್ ನೋಡಲು ಬಂದ ಅನೂಪ್.

“ಶುದ್ಧೀಕರಿಸದೆ ಬಳಸಲ್ಲ.”

“ಎಷ್ಟು ಡಿಗ್ರಿಗೆ ಕಾಯಿಸ್ತೀರಿ?”

ಅವನು ಹಾಗೆ ಕೇಳಿ ಒಂದು ಹುಬ್ಬು ಮಾತ್ರ ಮೇಲೆತ್ತಿದ. ನಾನು ಥರ್ಮಾಮೀಟರ್ ಓದುವವಳಂತೆ ಕಣ್ಣು ಕೆಳಗಿಳಿಸಿದೆ. ಕೈಯಲ್ಲಿ ಥರ್ಮಾಮೀಟರೇ ಇರಲಿಲ್ಲ. ಅದು ಇನ್ನೂ ಡ್ರಾಯರಿನಲ್ಲಿತ್ತು.

ಆಮೇಲೆ ಪ್ರತಿದಿನ ಆ ಗುಲಾಬಿ ಗುರುತಿನ ಈಚೆ ನಾನು, ಆಚೆ ಅವನು. ಕರೋಲ್ ಬಾಗ್‌ನಿಂದ ನೋಯ್ಡಾವರೆಗೆ ಮಾತು. ಅವನು ಪೇಟೆಯ ಸುದ್ದಿ ಹೇಳುತ್ತಿದ್ದ. ತಾಳೆ ಎಣ್ಣೆ ತುಟ್ಟಿಯಾಗುತ್ತಿದೆ, ಜನ ಬಾಟಲಿ ತಿರುಗಿಸಿ ಲೇಬಲ್ ಓದತೊಡಗಿದ್ದಾರೆ, ದೊಡ್ಡ ಬ್ರ್ಯಾಂಡುಗಳೆಲ್ಲ ಹಸಿರಿನ ಕಡೆ ಹೊರಳುತ್ತಿವೆ.

“ಆದ್ರೆ ಧಾರಿಣಿ, ಜನಕ್ಕೆ ಹಸಿರೂ ಬೇಕು, ನೊರೆನೂ ಬೇಕು.”

“ಕಾಳಿಂದಿ ಕುಂಜ್‌ಗೆ ಹೋಗಿ ನೋಡು. ಯಮುನೆ ಮೇಲೆ ಬೇಕಾದಷ್ಟು ನೊರೆ ಇದೆ.”

“ಅಚ್ಛಾ, ಕರ್ಕೊಂಡು ಹೋಗು ಹಾಗಾದ್ರೆ.”

ಕರೆದುಕೊಂಡು ಹೋದೆ. ಹೊಳೆಯ ಮೇಲೆ ಬಿಳಿ ಗುಡ್ಡೆಗಳು ತೇಲುತ್ತಿದ್ದವು. ಅವನು ಮೊದಲ ಸಲ ನನ್ನ ಕೈ ಹಿಡಿದ. “ನಿನ್ನದು ಗೆಲ್ಲಬೇಕು,” ಎಂದ. ಆ ಮಾತನ್ನು ನಾನು ನಂಬಿದೆ. ಈಗಲೂ ನಂಬುತ್ತೇನೆ, ಕಷ್ಟವಿರುವುದು ಅಲ್ಲೇ.

ಸ್ಯಾಂಪಲ್ ಬಾಟಲಿ ತುಂಬಿದ ಮೇಲೆ ಮುಚ್ಚಳದಿಂದ ಕುತ್ತಿಗೆಗೆ ಒಂದು ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಸಹಿ ಹಾಕುವುದು ನನ್ನ ಕೆಲಸ. ನಾನು ಬರೆಯುತ್ತಿದ್ದುದು ಒಂದೇ ಅಕ್ಷರ, ಉದ್ದ ಬಾಲದ ‘ಧಾ’. ಆ ಲ್ಯಾಬಿನಲ್ಲಿ ಯಾರಿಗೂ ಕನ್ನಡ ಬಾರದು, ಯಾರೂ ನಕಲು ಮಾಡಲಾರರು ಎಂಬುದು ನನ್ನ ಜಂಬ.

ಒಂದು ಬೆಳಿಗ್ಗೆ ಅನೂಪ್ ಗುರುತಿನ ಆಚೆಯಿಂದ ಟಿಫಿನ್ ಡಬ್ಬಿ ಚಾಚಿದ. ಮುಚ್ಚಳದ ಮೇಲೆ ಕಾಗದದ ಪಟ್ಟಿ. ಪಟ್ಟಿಯ ಮೇಲೆ ‘ಧಾ’.

“ಪುಳಿಯೋಗರೆ. ಕ್ವಾಲಿಟಿ ಪಾಸ್.”

“ಇದು ಫೋರ್ಜರಿ!”

“ಪ್ರ್ಯಾಕ್ಟೀಸು. ನಿನ್ನ ಹೆಸರು ಬರೀತಾ ಬರೀತಾ ಎರಡು ನೋಟ್‌ಬುಕ್ ಮುಗೀತು.”

ನಾನು ಪರೀಕ್ಷಿಸುವವಳಲ್ಲವೇ, ಹತ್ತಿರ ಹಿಡಿದು ನೋಡಿದೆ. ನನ್ನ ಬಾಲ ನೇರ ಕೆಳಗಿಳಿಯುತ್ತದೆ. ಅವನದು ಕೊನೆಯಲ್ಲಿ ಚೂರು ಮೇಲಕ್ಕೇಳುತ್ತಿತ್ತು, ಅವನ ಹುಬ್ಬಿನ ಹಾಗೆ. ಆ ಪಟ್ಟಿಯನ್ನು ಹರಿಯದೆ ಬಿಡಿಸಿ, ನನ್ನ ಡೈರಿಯಲ್ಲಿ ಅಂಟಿಸಿಕೊಂಡೆ.

ಮಾರ್ಚ್‌ನಲ್ಲಿ ಗುರುಗ್ರಾಮದ ಒಂದು ಕಂಪನಿ ಮಕ್ಕಳ ಬಾಡಿ ವಾಶ್‌ಗೆ ನಮ್ಮ ಸ್ಯಾಂಪಲ್ ಕೇಳಿತು. ‘ಸಲ್ಫೇಟ್ ಇಲ್ಲ’ ಎಂಬ ಪತ್ರಕ್ಕೆ ಸಹಿ ಹಾಕಿದವಳು ನಾನು. ಬಾಟಲಿ ಒಯ್ದವನು ಅನೂಪ್. ವಾರದೊಳಗೆ ಅವರ ಮೇಲ್ ಬಂತು. ನೊರೆ ಅದ್ಭುತ, ಎತ್ತರ ನೂರ ಅರವತ್ತು ಮಿಲಿಮೀಟರ್, ಆರ್ಡರ್ ಖಚಿತ. ಲ್ಯಾಬಿನಲ್ಲಿ ಲಡ್ಡು ಹಂಚಿದರು.

ನಾನು ತಿನ್ನಲಿಲ್ಲ. ನನ್ನದು ನೂರ ಹತ್ತನ್ನು ದಾಟಿದ್ದೇ ಇಲ್ಲ.

ಪ್ರತಿ ಬ್ಯಾಚಿನದೂ ಒಂದು ಬಾಟಲಿ ನಮ್ಮ ಕಪಾಟಿನಲ್ಲಿ ಉಳಿಯುತ್ತದೆ. ಅದನ್ನು ತೆಗೆದು ಮೂರು ಸಲ ಅಳೆದೆ. ನೂರ ಎಂಟು, ನೂರ ಒಂಬತ್ತು, ನೂರ ಎಂಟು. ನೋಯ್ಡಾದಿಂದ ಗುರುಗ್ರಾಮಕ್ಕೆ ಹೋಗುವಷ್ಟರಲ್ಲಿ ನೊರೆ ಬೆಳೆಯುವುದಿಲ್ಲ. ಅಲ್ಲಿ ಉಳಿದದ್ದನ್ನು ಕೇಳಿ ತರಿಸಿಕೊಂಡೆ.

ಪರೀಕ್ಷೆ ಸುಲಭದ್ದು. ನೀರಿನಲ್ಲಿ ನೀಲಿ ಬಣ್ಣ, ಅದರಡಿ ಬಣ್ಣವಿಲ್ಲದ ಕ್ಲೋರೋಫಾರ್ಮ್. ಸಲ್ಫೇಟ್ ಇಲ್ಲದಿದ್ದರೆ ನೀಲಿ ಮೇಲೆಯೇ ನಿಲ್ಲುತ್ತದೆ. ಇದ್ದರೆ ಕೆಳಗಿಳಿಯುತ್ತದೆ. ಕಪಾಟಿನ ಬಾಟಲಿಯದು ಮೇಲೆ ನಿಂತಿತು. ವಾಪಸು ಬಂದದ್ದನ್ನು ಕುಲುಕಿ ಕಾದೆ. ತಳದಿಂದ ನೀಲಿ ಕಟ್ಟುತ್ತಾ ಬಂತು, ಬೆರಳಿನ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿದ ಹಾಗೆ.

ಆಗಲೂ ನಾನು ಸ್ಟೋರಿನವರನ್ನು, ಕೊರಿಯರಿನವರನ್ನು, ನನ್ನನ್ನೇ ಅನುಮಾನಿಸಿದೆ. ಆಮೇಲೆ ಬಾಟಲಿಯನ್ನು ದೀಪದ ಕೆಳಗೆ ಹಿಡಿದೆ. ಹರಿದ ಪಟ್ಟಿಯ ಎರಡು ತುಂಡುಗಳನ್ನು ಜೋಡಿಸಿದೆ. ‘ಧಾ’. ಬಾಲ ಕೊನೆಯಲ್ಲಿ ಚೂರು ಮೇಲಕ್ಕೆದ್ದಿತ್ತು.

ಡೈರಿ ತೆಗೆದು ಪಕ್ಕದಲ್ಲಿಟ್ಟೆ. ಹೋಲಿಸಿ ನೋಡಬೇಕಾಗಿರಲಿಲ್ಲ. ಆದರೂ ನೋಡಿದೆ.

ಗುರುಗ್ರಾಮಕ್ಕೂ ಡೈರೆಕ್ಟರಿಗೂ ಒಂದೇ ಮೇಲ್ ಕಳಿಸಿದೆ. ನನ್ನ ಪತ್ರವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ, ಸ್ಯಾಂಪಲ್ಲಿನಲ್ಲಿ ಸಲ್ಫೇಟ್ ಇದೆ. ಹೇಗೆ ಬಂತೆಂದು ಬರೆಯಲಿಲ್ಲ.

ಸಂಜೆಯ ಮೆಟ್ರೋದಲ್ಲಿ ಅವನು ಗುರುತಿನ ಆಚೆ ನಿಂತಿದ್ದ.

“ಎಷ್ಟು ಹಾಕಿದೆ?”

ಅವನು ನಟಿಸಲಿಲ್ಲ. “ಮೂರು ಪರ್ಸೆಂಟ್. ಅವರು ಕಡಿಮೆ ನೊರೆ ನೋಡಿ ವಾಪಸ್ ಕಳಿಸಿಬಿಡ್ತಿದ್ರು, ಧಾರಿಣಿ. ಮೂರು ವರ್ಷ ನಿಂದು. ಮೊದ್ಲು ಆರ್ಡರ್ ಬರಲಿ, ಆಮೇಲೆ ನೀನು ನೊರೆ ಸರಿ ಮಾಡ್ತೀಯಾ ಅಂತ...”

“ಅದು ಮಕ್ಕಳಿಗೆ ಹಾಕೋದು.”

“ಗೊತ್ತು.”

“ನಿನ್ನ ಹೆಸರು ಬರೆದು ಸೀಲ್ ಮಾಡ್ಬಹುದಿತ್ತಲ್ಲ?”

ರೈಲು ಯಮುನೆಯ ಮೇಲೆ ಹೋಯಿತು. ಇಬ್ಬರೂ ಕಿಟಕಿಯತ್ತ ನೋಡಲಿಲ್ಲ.

“ನಿನ್ನ ಮೇಲ್ ಸುದ್ದಿ ಕೇಳಿ ಡೈರೆಕ್ಟರ್‌ಗೆ ಎಲ್ಲಾ ಬರೆದು ಕೊಟ್ಟೆ, ಮಧ್ಯಾಹ್ನಾನೇ,” ಎಂದ. “ನಾನು ಮಾಡಿದ್ದು, ನಿನಗೆ ಗೊತ್ತಿರಲಿಲ್ಲ ಅಂತ. ನಾಳೆಯಿಂದ ಬರಲ್ಲ.” ನೆಲದ ಗುರುತನ್ನು ನೋಡಿದ. “ನಿನ್ನ ಮೇಲಿನ ಪ್ರೀತಿಯಿಂದಲೇ ಮಾಡ್ದೆ. ಅದಾದ್ರೂ ನಂಬ್ತೀಯಾ?”

“ನಂಬ್ತೀನಿ. ಆ ಅಕ್ಷರಾನೂ ನೀನು ಪ್ರೀತಿಯಿಂದಲೇ ಕಲಿತಿದ್ದೆ.”

ಅವನ ಕೈ ಗುರುತಿನವರೆಗೆ ಬಂದು ನಿಂತಿತು. ನನ್ನ ಕೈ ಕಂಬದ ಮೇಲಿತ್ತು, ಅವನ ಬೆರಳಿನಿಂದ ಒಂದು ಗೇಣು ದೂರ. ಈ ರೈಲು ಒಂದು ಸಲ ಜೋರಾಗಿ ಅಲುಗಿದರೆ ಸಾಕು ಅಂದುಕೊಂಡೆ. ಅಲುಗಲಿಲ್ಲ.

ನಾನು ಕಂಬ ಬಿಟ್ಟು ಬೋಗಿಯ ಒಳಕ್ಕೆ ನಡೆದೆ, ಹೆಂಗಸರ ನಡುವೆ, ಅವನು ಬರಲಾರದಷ್ಟು ಒಳಕ್ಕೆ. ಕರೋಲ್ ಬಾಗ್‌ನಲ್ಲಿ ಇಳಿದು ಅವನು ಪ್ಲಾಟ್‌ಫಾರ್ಮಿನಲ್ಲಿ ಒಂದೊಂದೇ ಕಿಟಕಿ ಹುಡುಕುತ್ತಾ ಬಂದ. ನನ್ನ ಕಿಟಕಿ ಸಿಗುವ ಮೊದಲೇ ರೈಲು ಹೊರಟಿತು. ನಾನು ಇಳಿಯುವ ದ್ವಾರಕಾ ಬರುವವರೆಗೂ ಅಳಲಿಲ್ಲ.

ಮರುದಿನ ಹೊಸ ಬ್ಯಾಚು ತುಂಬಿ, ಪಟ್ಟಿ ಅಂಟಿಸಿ, ಪೆನ್ನು ತೆಗೆದುಕೊಂಡೆ. ಇಂಗ್ಲಿಷಿನಲ್ಲಿ ‘ಡಿ’ ಎಂದು ಬರೆದೆ. ಅಕ್ಷರ ನೆಟ್ಟಗೆ ಬಂತು. ಯಾರು ಬೇಕಾದರೂ ನಕಲು ಮಾಡಬಹುದು. ಅದನ್ನು ಕಲಿಯಲು ಯಾರೂ ನನ್ನನ್ನು ಪ್ರೀತಿಸಬೇಕಾಗಿಲ್ಲ.