ಹದಿಮೂರು ಮಕ್ಕಳ ದನಿ

"ನೀವೂ ಎಲ್ಲಾ ಅಳಿಸ್ಬೇಕು ಅಂತ ಹೇಳೋದಾದ್ರೆ ಈಗಲೇ ಹೇಳಿಬಿಡಿ. ನಾನು ಕೂತ್ಕೊಳ್ಳೋದಿಲ್ಲ."

ಲುಬ್ನಾ ಹಾಗೆಂದು ಬಾಗಿಲಲ್ಲೇ ನಿಂತಳು. ಎದೆಗವಚಿಕೊಂಡಿದ್ದ ಲ್ಯಾಪ್‌ಟಾಪನ್ನು ಮೇಜಿನ ಮೇಲೂ ಇಡಲಿಲ್ಲ.

ಕಡಲ ತೀರದ ಸ್ಫಾಕ್ಸ್ ಪಟ್ಟಣದಲ್ಲಿ ಬಾಬ್ ದಿವಾನ್ ಹೆಬ್ಬಾಗಿಲ ಪಕ್ಕದ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಬರವಿಲ್ಲ. ಅವತ್ತು ಗುರುವಾರ ಅವಳು ಮೂರು ಅಂಗಡಿ ಹತ್ತಿಳಿದಿದ್ದಳು. ಮೂವರೂ ಕಪ್ಪು ಪರದೆಯ ಬಿಳಿ ಅಕ್ಷರಗಳನ್ನು ನೋಡಿ ಒಂದೇ ಮಾತು ಹೇಳಿದ್ದರು. ಸಿಸ್ಟಂ ಕೆಟ್ಟಿದೆ, ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕಬೇಕು, ಒಳಗಿದ್ದದ್ದನ್ನು ಮರೆತುಬಿಡಿ. ಮೂವರೂ ಇನ್ನೊಂದನ್ನೂ ಕೇಳಿದ್ದರು: "ಇಷ್ಟು ಮುಖ್ಯ ಅಂದ್ಮೇಲೆ ಇನ್ನೊಂದು ಕಡೆ ನಕಲು ಇಟ್ಕೊಳ್ಬಾರದಿತ್ತಾ ಮೇಡಂ?"

ಆ ಪ್ರಶ್ನೆ ಅವಳನ್ನು ಚುಚ್ಚುತ್ತಿತ್ತು. ಯಾಕೆ ಇಟ್ಟುಕೊಳ್ಳಲಿಲ್ಲ? ಇವತ್ತು ಮಾಡೋಣ, ನಾಳೆ ಮಾಡೋಣ ಎಂದುಕೊಂಡೇ ಎರಡು ವರ್ಷ ಕಳೆದಿದ್ದವು...

ನಾಲ್ಕನೆಯ ಅಂಗಡಿಯ ನೌಫಲ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಮೂವತ್ತೈದರ ಆಸುಪಾಸಿನ ಮನುಷ್ಯ, ಅವಸರವಿಲ್ಲದ ಕಣ್ಣುಗಳು.

"ಒಳಗೆ ಏನಿದೆ?" ಎಂದು ಕೇಳಿದ.

ಅವಳು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, "ಮಕ್ಕಳ ದನಿ" ಎಂದಳು.

ಆಮೇಲೆ ಕುಳಿತು ಎಲ್ಲ ಹೇಳಿದಳು. ಅವಳು ಕಿವಿ ಕೇಳದ ಮಕ್ಕಳ ಟೀಚರ್. ತಲೆಯೊಳಗೆ ಶ್ರವಣಯಂತ್ರ ಕೂರಿಸಿದ ಹದಿಮೂರು ಮಕ್ಕಳಿಗೆ ಮಾತು ಕಲಿಸುತ್ತಿದ್ದಳು. ಅವರ ಮೊದಲ ಶಬ್ದದಿಂದ ಹಿಡಿದು ವಾರವಾರದ ತೊದಲನ್ನೂ ರೆಕಾರ್ಡ್ ಮಾಡಿಟ್ಟಿದ್ದಳು. ಬರುವ ಗುರುವಾರ ರಾಜಧಾನಿ ತ್ಯೂನಿಸ್‌ನಿಂದ, ತರಗತಿಗೆ ಹಣ ಕೊಡುವ ಸಂಸ್ಥೆಯವರು ಬರುತ್ತಾರೆ. ಮಕ್ಕಳು ಎಲ್ಲಿಂದ ಎಲ್ಲಿಗೆ ಬಂದಿದ್ದಾರೆಂದು ಅವರಿಗೆ ಕೇಳಿಸಬೇಕು, ಇಲ್ಲದಿದ್ದರೆ ತರಗತಿ ಮುಚ್ಚುತ್ತದೆ. ನಿನ್ನೆ ಸಿಸ್ಟಂ ಅಪ್‌ಡೇಟ್ ಆಗುತ್ತಿದ್ದಾಗ ಕರೆಂಟ್ ಹೋಯಿತು. ಕೆಟ್ಟ ಬ್ಯಾಟರಿಯ ಯಂತ್ರ ಅರ್ಧದಲ್ಲೇ ಆರಿತು, ಮತ್ತೆ ಏಳಲಿಲ್ಲ.

ನಕಲು ಯಾಕಿಲ್ಲವೆಂದು ನೌಫಲ್ ಕೇಳಲಿಲ್ಲ. ಅದು ಆಗಲೇ ಅವಳ ಗಮನಕ್ಕೆ ಬಂತು.

ಒಂದು ಪೆನ್‌ಡ್ರೈವ್ ಚುಚ್ಚಿ, ಕೆಟ್ಟ ಸಿಸ್ಟಮನ್ನು ಮುಟ್ಟದೆ, ಪೆನ್‌ಡ್ರೈವ್‌ನೊಳಗಿನ ಬೇರೊಂದು ಸಿಸ್ಟಂನಿಂದ ಯಂತ್ರವನ್ನು ಎಬ್ಬಿಸಿದ. ಕಿವಿಯನ್ನು ಲ್ಯಾಪ್‌ಟಾಪಿಗೆ ತಾಗಿಸಿ ಆಲಿಸಿದ. ಒಳಗೆ ಟಿಕ್ ಟಿಕ್ ಎನ್ನುವ ಸಣ್ಣ ಸದ್ದು.

"ಸಿಸ್ಟಂ ಮಾತ್ರ ಅಲ್ಲ, ಡಿಸ್ಕೂ ಸುಸ್ತಾಗಿದೆ. ಸುಳ್ಳು ಹೇಳೋದಿಲ್ಲ. ಆದ್ರೆ ಫೈಲುಗಳು ಕಾಣ್ತಿವೆ. ನಿಧಾನಕ್ಕೆ, ಸ್ವಲ್ಪ ಸ್ವಲ್ಪವೇ ಬೇರೆ ಡಿಸ್ಕಿಗೆ ತೆಗೀಬೇಕು. ಪೂರ್ತಿ ಈಚೆಗೆ ಬರೋವರೆಗೂ ಹೊಸ ಸಿಸ್ಟಂ ಮಾತೇ ಇಲ್ಲ."

"ಯಾವುದನ್ನೂ ತೆರೆದು ಕೇಳ್ಬೇಡಿ. ಆ ಮಕ್ಕಳ ತಾಯಂದಿರು ನನ್ನನ್ನ ನಂಬಿ ಕೊಟ್ಟಿರೋದು."

"ತೆರೆಯೋದಿಲ್ಲ."

ಲುಬ್ನಾ ಬರಿಗೈಯಲ್ಲಿ ಹೊರಬಂದಳು. ಗಂಡಸಿನ ಮಾತನ್ನು ನಂಬುವುದು ಅವಳಿಗೆ ಸುಲಭವಾಗಿರಲಿಲ್ಲ. ಮೂರು ವರ್ಷದ ಹಿಂದೆ ಅವಳಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗ ಕೆಲಸಕ್ಕೆಂದು ಕಡಲಾಚೆಯ ಲಿಯೋನ್‌ಗೆ ಹೋದ. ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದ, ಮದುವೆಗೆ ಯಾವ ಬಣ್ಣದ ಪರದೆ ಹಾಕೋಣ ಎಂದೂ ಕೇಳುತ್ತಿದ್ದ. ಅವನಿಗೆ ಅಲ್ಲಿ ಆಗಲೇ ಮದುವೆಯಾಗಿದೆ ಎಂಬುದನ್ನು ಅವಳು ತಿಳಿದದ್ದು ಮೀನು ಮಾರ್ಕೆಟ್‌ನಲ್ಲಿ, ಪಕ್ಕದ ಬೀದಿಯ ಹೆಂಗಸಿನ ಬಾಯಿಂದ.

ಮದುವೆ ಮುರಿದದ್ದಕ್ಕಿಂತ, ಅವನು ತಾನೇ ಹೇಳಲಿಲ್ಲವಲ್ಲ ಎಂಬುದೇ ಹೆಚ್ಚು ನೋವು ತಂದಿತ್ತು.

ಶಾಲೆ ಬಿಟ್ಟ ಮೇಲೆ, ನಾಲ್ಕು ಗಂಟೆಗೆ, ಅವಳು ದಿನಾ ಅಂಗಡಿಗೆ ಬರತೊಡಗಿದಳು. ಕೆಲಸ ನಿಧಾನವಾಗಿತ್ತು. ಡಿಸ್ಕ್ ಬಿಸಿಯಾದರೆ ನಿಲ್ಲಿಸಬೇಕು, ತಣ್ಣಗಾದ ಮೇಲೆ ಮತ್ತೆ ಶುರು. ನೌಫಲ್ ಪುಟ್ಟ ಫ್ಯಾನೊಂದನ್ನು ಅದರತ್ತ ತಿರುಗಿಸಿಟ್ಟು, ಜ್ವರದ ಮಗುವಿನ ಹತ್ತಿರ ಕೂತವನಂತೆ ಕೂತಿರುತ್ತಿದ್ದ. ಬಂದ ಕೂಡಲೇ ಅವಳಿಗೆ ಲೆಕ್ಕ ಒಪ್ಪಿಸುತ್ತಿದ್ದ. ಇವತ್ತು ತೊಂಬತ್ತು ಬಂದವು, ಇವತ್ತು ನಲವತ್ತೇ, ಒಂದು ಹಟ ಮಾಡುತ್ತಿದೆ. ಆ ತೊಂಬತ್ತು ಯಾವ ಮಕ್ಕಳದ್ದೆಂದು ಅವಳು ಹೆಸರು ನೋಡಿ ಹೇಳುತ್ತಿದ್ದಳು. ಹಾಗೆ ಹೇಳುತ್ತ ಹೇಳುತ್ತ ಅವನಿಗೆ ಹದಿಮೂರು ಮಕ್ಕಳೂ ಪರಿಚಯವಾಗಿಬಿಟ್ಟರು. ಉಮೈಮಾ ಎಂಬ ಆರು ವರ್ಷದ ಹುಡುಗಿ 'ಮೀಮ್' ಅಕ್ಷರ, ಅಂದರೆ 'ಮ', ಹೇಳಲು ಎಂಟು ತಿಂಗಳು ತೆಗೆದುಕೊಂಡಳೆಂದು ಕೇಳಿ, ಅವನು ಚಹಾದ ಲೋಟ ಕೆಳಗಿಟ್ಟು ಆ ಹೆಸರಿನ ಫೈಲುಗಳನ್ನು ಇನ್ನೊಮ್ಮೆ ಎಣಿಸಿದ.

ಪಕ್ಕದಲ್ಲಿ ಝೆರಾಕ್ಸ್ ಅಂಗಡಿ. ಅದನ್ನು ನಡೆಸುತ್ತಿದ್ದ ವಿಧವೆ ವಸೀಲಾಳನ್ನು ಓಣಿಯೆಲ್ಲ ಖಾಲ್ತಿ ಎಂದೇ ಕರೆಯುತ್ತಿತ್ತು, ಅಂದರೆ ಚಿಕ್ಕಮ್ಮ. ನೌಫಲನಿಗೆ ಮಧ್ಯಾಹ್ನದ ಊಟ ಬರುತ್ತಿದ್ದದ್ದು ಅವಳ ಡಬ್ಬಿಯಿಂದಲೇ.

ಮಂಗಳವಾರ ಖಾಲ್ತಿ ಬಾಗಿಲಿಗೆ ಒರಗಿ ನಿಂತು, "ಏನೋ ನೌಫಲ್, ಆ ಯಂತ್ರ ಎದ್ದುಬಿಟ್ರೆ ಈ ಹುಡುಗಿ ಬರೋದು ನಿಂತೋಗುತ್ತೆ ಅಂತ ಬೇಕಂತಲೇ ಎಳೀತಿದ್ದೀಯೇನೋ?" ಎಂದಳು.

"ಖಾಲ್ತಿ, ನಿಮ್ಮ ಮಿಷಿನ್‌ನಲ್ಲಿ ಕಾಗದ ಸಿಕ್ಕಾಕ್ಕೊಂಡಿದೆ ನೋಡಿ, ಹೋಗಿ."

"ಸಿಕ್ಕಾಕ್ಕೊಂಡಿರೋದು ಯಾರು ಅಂತ ನನಗೆ ಗೊತ್ತು ಬಿಡಪ್ಪ."

ನೌಫಲನ ಕಿವಿಗಳು ಕೆಂಪಾದವು. ಲುಬ್ನಾ ಲೋಟದೊಳಗಿನ ಪುದೀನಾ ಎಲೆಯನ್ನೇ ನೋಡುತ್ತಿದ್ದಳು. ಬಸ್‌ನಲ್ಲಿ ಮನೆಗೆ ಹೋಗುವಾಗ ಮಾತ್ರ ತನಗೇ ಗೊತ್ತಿಲ್ಲದೆ ನಕ್ಕಳು... ಎಷ್ಟು ದಿನವಾಗಿತ್ತು ಹೀಗೆ ಒಬ್ಬಳೇ ನಕ್ಕು?

ಬುಧವಾರ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತು. ಲುಬ್ನಾ ಎರಡು ಗಂಟೆಗೆಲ್ಲ ಅಂಗಡಿಗೆ ಬಂದಳು. ಬಾಗಿಲು ತೆರೆದಿತ್ತು, ನೌಫಲ್ ಇರಲಿಲ್ಲ. ಮೇಜಿನ ಮೇಲೆ ಅವಳ ಲ್ಯಾಪ್‌ಟಾಪ್ ಎದ್ದು ಕುಳಿತಿತ್ತು.

ಪರದೆ ತಿಳಿನೀಲಿ, ಸ್ವಚ್ಛ. ಹೊಸ ಸಿಸ್ಟಂ 'ಸ್ವಾಗತ' ಎನ್ನುತ್ತಿತ್ತು. ಅವಳು ಒಂದೊಂದೇ ಕಡೆ ಒತ್ತಿ ನೋಡಿದಳು. ಖಾಲಿ. ಎಲ್ಲ ಖಾಲಿ. ಉಮೈಮಾ ಇಲ್ಲ, ಯಾರೂ ಇಲ್ಲ.

ಅಳಿಸಿಬಿಟ್ಟಿದ್ದಾನೆ.

ಅಷ್ಟರಲ್ಲಿ ನೌಫಲ್ ಬಂದ. ಅವಳನ್ನು ನೋಡಿ ಅವನ ಮುಖ ಅರಳಿತು. "ಬೇಗ ಬಂದ್ರಿ..." ಎಂದವನು ಅವಳ ಕಣ್ಣು ನೋಡಿ ನಿಂತುಬಿಟ್ಟ.

"ಆಗೋದಿಲ್ಲ ಅಂತ ಮೊದಲ ದಿನವೇ ಹೇಳಿದ್ರೆ ನಾನು ತಡ್ಕೊಳ್ತಿದ್ದೆ. ವಾರವೆಲ್ಲ ಕೂರಿಸ್ಕೊಂಡು, ಚಹಾ ಕೊಟ್ಟು, ಲೆಕ್ಕ ಹೇಳಿ... ನಿಮ್ಮಂಥವರನ್ನ ನಾನು ಮೊದಲೇ ನೋಡಿದ್ದೆ. ಆದ್ರೂ ನಂಬಿದೆ. ತಪ್ಪು ನಂದೇ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಲ್ಯಾಪ್‌ಟಾಪ್ ಮಡಚಿ ಎತ್ತಿಕೊಂಡು ಹೊರಟೇ ಹೋದಳು. ಅವನು ಓಣಿಯ ತುದಿಯವರೆಗೂ ಹಿಂದೆ ಬಂದ. ಅಷ್ಟರಲ್ಲಿ ಅವಳು ಹತ್ತಿದ ಬಸ್ ಹೊರಟಿತ್ತು. ಅವಳು ಫೋನ್ ಆರಿಸಿಟ್ಟಳು.

ಆ ಸಂಜೆ ತಾಯಿ ಬಡಿಸಿದ ಊಟವನ್ನು ಲುಬ್ನಾ ಹಾಗೇ ಬಿಟ್ಟೆದ್ದಳು. ನಾಳೆ ಆ ತಾಯಂದಿರ ಮುಖ ಹೇಗೆ ನೋಡಲಿ ಎಂಬುದೊಂದೇ ಯೋಚನೆ. ಅದರಡಿಯಲ್ಲಿ ಇನ್ನೊಂದಿತ್ತು, ಅದನ್ನು ಅವಳು ಒಪ್ಪಿಕೊಳ್ಳಲಿಲ್ಲ... ಆ ಮನುಷ್ಯ ಹೀಗೆ ಮಾಡಬಾರದಿತ್ತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಶಾಲೆಯ ಗೇಟಿನ ಹತ್ತಿರ ಖಾಲ್ತಿ ವಸೀಲಾ ಏದುಸಿರು ಬಿಡುತ್ತ ನಿಂತಿದ್ದಳು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಡಿಸ್ಕ್.

"ತಗೋ ಮಗಳೇ. ನಿನ್ನ ಮಕ್ಕಳು ಇದರಲ್ಲಿದ್ದಾರೆ."

ಲುಬ್ನಾಗೆ ಅರ್ಥವಾಗಲಿಲ್ಲ. ಖಾಲ್ತಿ ಬಿಡಿಸಿ ಹೇಳಿದಳು. ನಿನ್ನೆ ಮಧ್ಯಾಹ್ನದ ಹೊತ್ತಿಗೆ ನಕಲು ಪೂರ್ತಿಯಾಗಿತ್ತು. ಆಮೇಲೇ ನೌಫಲ್ ಹಳೆಯ ಡಿಸ್ಕ್ ಬಿಚ್ಚಿ, ಹೊಸದು ಕೂರಿಸಿ, ಹೊಸ ಸಿಸ್ಟಂ ಹಾಕಿದ್ದು. ಫೈಲುಗಳನ್ನು ಅದಕ್ಕೆ ತುಂಬಿಸುವುದೊಂದೇ ಬಾಕಿಯಿತ್ತು. ಅದಕ್ಕೆ ಬೇಕಾದ ಕೇಬಲ್ ತರಲು ಎದುರಿನ ಅಂಗಡಿಗೆ ಹೋದಾಗ ಇವಳು ಬಂದಿದ್ದಳು.

ಲುಬ್ನಾ ಟವೆಲಿನ ಗಂಟನ್ನು ಎದೆಗವಚಿಕೊಂಡಳು. "ಅವರೇ ಯಾಕೆ ಬರಲಿಲ್ಲ?"

"'ಇವತ್ತು ಅವರಿಗೆ ದೊಡ್ಡ ದಿನ, ನನ್ನ ಮುಖ ನೋಡಿ ಮನಸ್ಸು ಕೆಡೋದು ಬೇಡ' ಅಂದ, ಪೆದ್ದ." ಖಾಲ್ತಿ ಗೇಟಿನ ಕಟ್ಟೆಯ ಮೇಲೆ ಕುಳಿತಳು. "ಒಂದು ಮಾತು ಕೇಳ್ಕೋ. ಐದು ವರ್ಷದ ಹಿಂದೆ ನನ್ನ ಗಂಡನ್ನ ಈ ಹುಡುಗ ಕಾಲು ಗಂಟೇಲಿ ಅಳಿಸಿ ಹಾಕಿದ."

ಲುಬ್ನಾ ಅವಳ ಪಕ್ಕದಲ್ಲಿ ಕುಳಿತಳು.

"ನನ್ನ ಗಂಡ ದೋಣಿ ಕೆಲಸದವನು. ಫೋಟೊಗೆ ನಿಲ್ಲು ಅಂದ್ರೆ ಓಡೋಗ್ತಿದ್ದ. ಕಷ್ಟಪಟ್ಟು ತೆಗೆದ ನಲವತ್ತು ಫೋಟೊ ನನ್ನ ಕಂಪ್ಯೂಟರಲ್ಲಿದ್ವು. ನೌಫಲ್ ಆಗ ತಾನೇ ಅಂಗಡಿ ಇಟ್ಟಿದ್ದ. ಅವಸರದಲ್ಲಿ ನೋಡದೇ ಹೊಸ ಸಿಸ್ಟಂ ಹಾಕಿಬಿಟ್ಟ. 'ಡಿಸ್ಕೇ ಸತ್ತೋಗಿತ್ತು ಖಾಲ್ತಿ' ಅಂದಿದ್ರೆ ನಾನು ನಂಬ್ತಿದ್ದೆ. ನನಗೇನು ಗೊತ್ತು ಡಿಸ್ಕು ಗಿಸ್ಕು? ಆದ್ರೆ ಅವತ್ತೇ ಮನೆಗೆ ಬಂದ. ಬಾಗಿಲಲ್ಲಿ ನಿಂತು, 'ತಪ್ಪು ನಂದು, ನಾನೇ ಅಳಿಸಿದೆ' ಅಂದ."

"ನೀವು ಏನಂದ್ರಿ?"

"ಆರು ತಿಂಗಳು ಅವನ ಮುಖ ನೋಡಲಿಲ್ಲ. ಅವನು ಮಾತ್ರ ದಿನಾ ಬೆಳಿಗ್ಗೆ ಸಲಾಂ ಹೇಳ್ತಿದ್ದ. ಒಂದಿನ ನನಗೇ ಅನ್ನಿಸ್ತು, ತನ್ನ ತಪ್ಪನ್ನ ತಾನೇ ಹೊತ್ಕೊಂಡು ಬಂದು ಬಾಗಿಲಲ್ಲಿ ನಿಲ್ಲೋ ಗಂಡಸ್ರು ಎಷ್ಟು ಜನ ಇದ್ದಾರೆ ಅಂತ. ಮರುದಿನದಿಂದ ಊಟ ಕೊಡೋಕೆ ಶುರು ಮಾಡಿದೆ."

ಲುಬ್ನಾ ಖಾಲ್ತಿಯತ್ತ ಬಾಗಿದಳು. ಆ ವಯಸ್ಸಾದ ಕೈಯನ್ನು ಹಿಡಿದುಕೊಂಡು ಹಣೆಗೊತ್ತಿಕೊಂಡಳು.

ತರಗತಿಯಲ್ಲಿ ಡಿಸ್ಕನ್ನು ಲ್ಯಾಪ್‌ಟಾಪಿಗೆ ಜೋಡಿಸಿದಾಗ ಹದಿಮೂರು ಹೆಸರುಗಳೂ ಸಾಲಾಗಿ ಬಂದವು. ಟವೆಲಿನೊಳಗೆ ಒಂದು ಚೀಟಿಯಿತ್ತು. ಆರುನೂರ ಹನ್ನೆರಡರಲ್ಲಿ ಆರುನೂರ ಹತ್ತು ಬಂದಿವೆ, ಯಾವುದನ್ನೂ ತೆರೆಯದೆ ಅಳತೆ ಹೋಲಿಸಿ ಮಾತ್ರ ನೋಡಿದ್ದೇನೆ ಎಂದು ಬರೆದಿದ್ದ. ಕೆಳಗೆ ಇನ್ನೆರಡು ಸಾಲು: 'ಎರಡನ್ನು ಉಳಿಸಲು ನನ್ನಿಂದ ಆಗಲಿಲ್ಲ. ಎರಡೂ ಉಮೈಮಾಳವು. ನೀವೇ ಹುಡುಕಿ ಕಂಡುಕೊಳ್ಳುವ ಮೊದಲು ನಾನು ಹೇಳಬೇಕು. ಕ್ಷಮಿಸಿ.'

ಅವಳು ಆ ಚೀಟಿಯನ್ನು ಎರಡು ಸಲ ಓದಿದಳು. ಒಂದು ಹನಿ ಅದರ ಮೇಲೇ ಬಿತ್ತು. ಎಂಥ ಮನುಷ್ಯನಿಗೆ ಎಂಥ ಮಾತು ಆಡಿಬಿಟ್ಟೆ...

ಹತ್ತು ಗಂಟೆಗೆ ತ್ಯೂನಿಸ್‌ನವರು ಬಂದರು. ತಾಯಂದಿರು ಗೋಡೆಯುದ್ದಕ್ಕೂ ಕುಳಿತಿದ್ದರು. ಲುಬ್ನಾ ಒಬ್ಬೊಬ್ಬ ಮಗುವಿನ ಮೊದಲ ದನಿ, ಆಮೇಲೆ ಇತ್ತೀಚಿನ ದನಿ ಕೇಳಿಸುತ್ತ ಹೋದಳು. ಉಮೈಮಾಳ ಸರದಿ ಬಂದಾಗ, ಅವಳು 'ಮೀಮ್' ಹೇಳಿದ ದಿನದ ರೆಕಾರ್ಡ್ ಕಳೆದುಹೋಗಿದೆ ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಆಮೇಲೆ ಹುಡುಗಿಯ ಎದುರು ಮಂಡಿಯೂರಿ, ಅವಳ ತಾಯಿಯತ್ತ ಕೈ ತೋರಿಸಿ, ಅಲ್ಲಿ ಕೂತಿರೋದು ಯಾರು ಎಂದು ಕೇಳಿದಳು.

ಉಮೈಮಾ ತಿರುಗಿ ನೋಡಿ, ತುಟಿ ಒತ್ತಿ ಹಿಡಿದು, ಸ್ಪಷ್ಟವಾಗಿ "ಉಮ್ಮಿ" ಎಂದಳು. ಅಮ್ಮ.

ಅವಳ ತಾಯಿ ಸೆರಗಿನಂಥ ಬಿಳಿ ಸಫ್ಸಾರಿಯಲ್ಲಿ ಮುಖ ಮುಚ್ಚಿಕೊಂಡರು. ಬಂದಿದ್ದವರಲ್ಲಿ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೆರಡು ವರ್ಷ ತರಗತಿ ನಡೆಯಲಿ ಎಂದು ಅಲ್ಲೇ ಹೇಳಿದರು.

ಲುಬ್ನಾ ಅಂಗಡಿ ತಲುಪಿದಾಗ ನೌಫಲ್ ಯಾರದೋ ಕೀಬೋರ್ಡ್ ಒರೆಸುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ತರಗತಿ ಉಳೀತು" ಎಂದಳು.

ಅವನು ಕಣ್ಣು ಮುಚ್ಚಿ, "ಅಲ್‌ಹಮ್ದುಲಿಲ್ಲಾ" ಎಂದು ಉಸಿರುಬಿಟ್ಟ.

ನಿನ್ನೆಯ ಮಾತಿಗೆ ಅವಳು ಕ್ಷಮೆ ಕೇಳಿದಳು. ಲಿಯೋನ್‌ನ ಕಥೆ, ಮೀನು ಮಾರ್ಕೆಟ್‌ನಲ್ಲಿ ಕೇಳಿದ ಸುದ್ದಿ, ಯಾರಿಗೂ ಹೇಳದ್ದನ್ನೆಲ್ಲ ಹೇಳಿದಳು. ಅವನು ಒರೆಸುವ ಬಟ್ಟೆ ಕೆಳಗಿಟ್ಟು ಕೇಳಿದ. ಅವಳು ಮುಗಿಸಿದ ಮೇಲೆ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದ.

"ಹಾಗಾದ್ರೆ ಒಂದು ವಿಷಯ ನಾನೇ ಹೇಳ್ಬೇಕು. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗಬಾರದು."

ಅವಳು ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು.

"ಕೊನೇ ಫೈಲ್ ಬಂದಾಗ ಖುಷಿಯಾಗ್ಬೇಕಿತ್ತು. ನಾಳೆಯಿಂದ ನೀವು ಬರೋದಿಲ್ಲ ಅಂತ ಬೇಜಾರಾಯ್ತು. ನೀವು ನಾಲ್ಕಕ್ಕೆ ಬರ್ತೀರಿ ಅಂತ ನಾನು ಮೂರು ಗಂಟೆಯಿಂದಲೇ ಆ ಕುರ್ಚಿ ಒರೆಸ್ತಿದ್ದೆ ಲುಬ್ನಾ."

"ಗೊತ್ತು. ಖಾಲ್ತಿ ಗೇಟಿನ ಹತ್ತಿರವೇ ಹೇಳಿದ್ರು."

ನೌಫಲ್ ಗೋಡೆಯ ಕಡೆ ತಿರುಗಿ ಹಲ್ಲು ಕಚ್ಚಿದ. ಗೋಡೆಯಾಚೆ ಝೆರಾಕ್ಸ್ ಮಿಷಿನ್ ಸದ್ದು ತಟ್ಟನೆ ನಿಂತಿತ್ತು.

"ಆದ್ರೂ ನಿಮ್ಮ ಬಾಯಿಂದ ಕೇಳ್ಬೇಕು ಅನ್ನಿಸ್ತು" ಎಂದಳು ಲುಬ್ನಾ. ಈಗ ಅವಳ ದನಿ ಬಹಳ ಮೆತ್ತಗಿತ್ತು. "ಭಾನುವಾರ ಅಂಗಡಿ ಮುಚ್ಚಿರುತ್ತಾ?"

"ಹೂಂ."

"ಮನೆಗೆ ಬನ್ನಿ. ಅಮ್ಮ ಮೀನಿನ ಕುಸ್ಕುಸ್ ಮಾಡ್ತಾರೆ. ಖಾಲ್ತೀನೂ ಕರ್ಕೊಂಡು ಬನ್ನಿ."

"ಏನು ತರಲಿ?"

ಲುಬ್ನಾ ಅವನನ್ನೇ ನೋಡಿದಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

"ಏನೂ ಬೇಡ. ನೀವು ಆಗಲೇ ಎಲ್ಲಾ ತಂದುಕೊಟ್ಟಿದ್ದೀರಿ."