ಮಹಾರಾಣಿಯ ಬಾಯಿ

"ಕೆಟ್ರೆ ಕೆಡ್ಲಿ ಬಿಡಿ. ಇಳಿದು ನಡ್ಕೊಂಡು ಹೋಗಿ. ಆದ್ರೆ ಅದರೊಳಗೆ ಕೂತ್ಕೊಂಡು ಮಾತ್ರ ಯಾರಿಗೂ ಬಯ್ಬೇಡಿ."

ಕೀಲಿಯನ್ನು ಕೊಟ್ಟೂ ಕೊಡದ ಹಾಗೆ ಬೆರಳುಗಳ ನಡುವೆ ಹಿಡಿದುಕೊಂಡೇ ಮುದುಕಿ ಹೇಳಿದಳು. ಗಂಡ ತೀರಿಹೋದ ಮೇಲೆ ಅವನ ಕಾರನ್ನು ಮಾರುತ್ತಿದ್ದಳು. ಎದುರಿಗೆ ನಿಂತಿದ್ದ ಹಲ್ಲಿನ ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ.

"ಯಾಕಜ್ಜಿ, ಅದಕ್ಕೆ ಬೇಜಾರಾಗುತ್ತಾ?"

"ಬೇಜಾರಲ್ಲ." ಮುದುಕಿ ಕಾರಿನತ್ತ ತಿರುಗಿಯೂ ನೋಡಲಿಲ್ಲ. "ಹಸಿವಾಗುತ್ತೆ."

"ಪೆಟ್ರೋಲ್ ಹಾಕ್ತೀನಿ ಬಿಡಿ," ಅಂದವಳೇ ಡಾಕ್ಟರಮ್ಮ ಕೀಲಿ ಎಳೆದುಕೊಂಡಳು.

ಡಾಕ್ಟರಮ್ಮ ಶೋಕಿಗಾಗಿ ಕಾರು ಕೊಂಡವಳಲ್ಲ. ಮಗಳು ಪುಟ್ಟಿಗೆ ಉಬ್ಬಸ. ರಸ್ತೆಯ ಧೂಳು ಮೂಗಿಗೆ ಸೋಕಿದರೆ ಸಾಕು, ಹಕ್ಕಿಗೂಡಿನಂಥ ಆ ಎದೆಯೊಳಗೆ ಯಾರೋ ಹರಿದ ತಿದಿ ಒತ್ತಿದಂತೆ ಸುಯ್ ಸುಯ್ ಎಂಬ ಸದ್ದು ಶುರುವಾಗುತ್ತಿತ್ತು. ಈ ಕಾರಿನ ಗಾಜು ಏರಿಸಿದರೆ ಹೊರಗಿನ ಒಂದು ಕಣವೂ ಒಳಗೆ ನುಸುಳದು, ಗಾಳಿಯನ್ನು ಸೋಸಿ, ತೊಳೆದು, ತಂಪು ಮಾಡಿ ಕೊಡುತ್ತದೆ ಎಂದು ಅವಳು ಎಲ್ಲೋ ಓದಿದ್ದಳು. ಅಷ್ಟಕ್ಕೇ ಮನಸೋತಳು. ಕಾಡಿಗೆಯಂಥ ಕಪ್ಪು ಮೈ. ಬೆಣ್ಣೆ ಬಣ್ಣದ ಚರ್ಮದ ಸೀಟು. ಬಾಗಿಲು ಮುಚ್ಚಿದರೆ ಊರಿಗೆ ಊರೇ ಪಿಸುಮಾತಿಗೆ ಇಳಿದ ಹಾಗೆ. ಹಡಗಿನ ಇಂಜಿನಿಯರ್ ಆಗಿದ್ದ ಗಂಡ ನಡುಗಡಲಿನಿಂದಲೇ ಫೋನಿನಲ್ಲಿ ನೋಡಿ ಅದಕ್ಕೆ 'ಮಹಾರಾಣಿ' ಎಂದು ಹೆಸರಿಟ್ಟ.

ವಾರ ತುಂಬುವುದರೊಳಗೆ ಮಹಾರಾಣಿಯ ಬುದ್ಧಿ ಹೊರಬಿತ್ತು.

ಮೊದಲು ಎದುರಿನ ಫಲಕದಲ್ಲಿ ಹಳದಿ ದೀಪ, ಆಮೇಲೆ ಕೆಂಪು ದೀಪ. ಸುಡುಬಿಸಿಲಲ್ಲಿ ವೈಪರ್ ತಾನಾಗಿ ಪರಪರ ತಿರುಗುವುದು. ಒಂದು ಬೆಳಗ್ಗೆಯಂತೂ ಸೀಟು ತಾನೇ ಮುಂದಕ್ಕೆ ಜಾರಿ ಜಾರಿ ಅವಳ ಎದೆಯನ್ನು ಸ್ಟೀರಿಂಗಿಗೆ ಒತ್ತಿ ಹಿಡಿಯಿತು. ಸಿಗ್ನಲ್ ಕಂಡರೆ ನಿಲ್ಲುವುದು. ನಿಂತರೆ ಮುಗಿಯಿತು, ಹೊರಡದು. ಏಸಿಯಿಂದ ಒಂದು ವಾಸನೆ ಬೇರೆ. ವಾರಗಟ್ಟಲೆ ಕೀವು ಕಟ್ಟಿದ ಒಸಡಿನ ವಾಸನೆ. ಇಡೀ ದಿನ ಜನರ ಬಾಯಿಗೆ ಬಗ್ಗುವವಳಿಗೆ ಅದು ಗೊತ್ತಾಗದೆ ಇದ್ದೀತೆ? ಇಲಿ ಸತ್ತಿರಬೇಕು ಅಂದುಕೊಂಡಳು.

ಸರ್ವಿಸ್ ಸೆಂಟರಿನ ಟೈ ಕಟ್ಟಿದ ಹುಡುಗನದು ಒಂದೇ ಪಲ್ಲವಿ. "ಕಂಪ್ಯೂಟರ್ ಹಾಕಿ ನೋಡಿದ್ವಿ ಮೇಡಂ. ಏನೂ ಪ್ರಾಬ್ಲಮ್ ತೋರಿಸ್ತಿಲ್ಲ."

"ನಂಗೆ ತೋರಿಸ್ತಿದೆಯಲ್ಲಪ್ಪ, ದಿನಾ!"

ಫೋನಿನಲ್ಲಿ ಗಂಡನದು ಇನ್ನೊಂದು ರಾಗ. "ನನ್ನ ಹಡಗಿಗೆ ನಿಮ್ಮಮ್ಮನ ವಯಸ್ಸು ಕಣೇ, ಒಂದಿನ ನಿಂತಿಲ್ಲ. ನಿನ್ನ ಮಹಾರಾಣಿಗೆ ದಿನಾ ತಲೆನೋವು. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು."

"ಹುಳುಕಿನ ವಿಷ್ಯ ನಂಗೆ ಹೇಳ್ಕೊಡ್ಬೇಡಿ," ಎಂದು ಫೋನ್ ಕುಕ್ಕಿದಳು.

ಮಟಮಟ ಮಧ್ಯಾಹ್ನ, ನಾಲ್ಕು ರಸ್ತೆ ಕೂಡುವಲ್ಲಿ ಮಹಾರಾಣಿ ಮತ್ತೆ ನಿಂತಿತು. ಹಿಂದೆ ಬಸ್ಸು, ಅದರ ಹಿಂದೆ ಲಾರಿ, ಎಲ್ಲದರ ಹಾರ್ನೂ ಒಂದೇ ಸಮ. ಹಿಂದಿನ ಸೀಟಿನಲ್ಲಿ ಪುಟ್ಟಿ ಕಿವಿ ಮುಚ್ಚಿಕೊಂಡಿತ್ತು. ಡಾಕ್ಟರಮ್ಮ ಟೈ ಹುಡುಗನಿಗೆ ಫೋನ್ ಮಾಡಿದಳು.

"ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಡಂ," ಅಂದ ಅವನು. ಆಚೆ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿಸಿತು.

"ನಗ್ತೀಯಾ? ನಿನ್ನ ಬಾಯಿ ಸೊಟ್ಟಗಾಗ!"

ಮಾತು ಇನ್ನೂ ತುಟಿ ದಾಟಿರಲಿಲ್ಲ. ಕಾರು ತಾನಾಗಿ ಚಾಲೂ ಆಯಿತು. ಬಾಯಾರಿದ ದನ ನೀರಿನ ತೊಟ್ಟಿಗೆ ಮೂತಿಯಿಟ್ಟಂಥ ಒಂದು ತೃಪ್ತಿಯ ಸದ್ದು. ಆಮೇಲೆ ಮನೆತನಕ ರೇಷ್ಮೆಯ ಮೇಲೆ ಜಾರಿದ ಹಾಗೆ ಓಡಿತು.

ಮರುದಿನ ಸರ್ವಿಸ್ ಸೆಂಟರಿಗೆ ಹೋದರೆ ಟೈ ಹುಡುಗ ಕರವಸ್ತ್ರದಿಂದ ತುಟಿ ಒತ್ತಿಕೊಂಡು ನಿಂತಿದ್ದ. ಮುಖದ ಎಡಭಾಗ ಕರಗಿದ ಮೇಣದಂತೆ ಕೆಳಗಿಳಿದಿತ್ತು. ಜೊಲ್ಲು ಸುರಿಯುತ್ತಿತ್ತು. "ನಿನ್ನೆ ಮಧ್ಯಾಹ್ನದಿಂದ ಹೀಗೆ ಮೇಡಂ," ಅಂದದ್ದು ಅವಳಿಗೆ ಎರಡನೆಯ ಸಲ ಕೇಳಿದ ಮೇಲೆ ಅರ್ಥವಾಯಿತು. ಮುಖದ ನರ ಸೋತಿದೆ, ತಣ್ಣನೆಯ ಗಾಳಿಗೆ ಎಷ್ಟೋ ಜನಕ್ಕೆ ಆಗುತ್ತದೆ ಎಂದು ತನಗೆ ತಾನೇ ಪಾಠ ಹೇಳಿಕೊಂಡಳು. ಆದರೂ ಅವನ ಮುಖ ನೋಡಿ ಮಾತಾಡಲಾಗಲಿಲ್ಲ.

ಆಮೇಲಿನದು ಎದುರು ಮನೆಯ ನಿವೃತ್ತ ಮೇಷ್ಟ್ರ ಸರದಿ. ಬೆಳಗ್ಗೆ ಪುಟ್ಟಿಯನ್ನು ಸ್ಕೂಲಿಗೆ ಹೊರಡಿಸಿ ಕೂತರೆ ಕಾರು ಕಮಕ್ ಕಿಮಕ್ ಅನ್ನದು. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ತಮ್ಮ ಮೆಟ್ಟಿಲ ಮೇಲೆ ನಿಂತು, "ಪಾಪ, ಆನೆ ಸಾಕಿದೀರಿ. ಮಾವುತನ್ನ ಮರೆತಿದೀರಿ," ಅಂದರು.

ಹಲ್ಲುಕಚ್ಚಿಕೊಂಡೇ ಡಾಕ್ಟರಮ್ಮ ಗೊಣಗಿದಳು. "ಇವನ ಕಾಲು ಮುರಿದು ಬೀಳ."

ಇಂಜಿನ್ ಗುರುಗುಟ್ಟಿತು. ಬೀದಿಯ ತಿರುವು ಮುಟ್ಟುವ ಮೊದಲೇ ಕನ್ನಡಿಯಲ್ಲಿ ಕಂಡಿತು: ಮೇಷ್ಟ್ರು ಮೆಟ್ಟಿಲಿಂದ ಇಳಿಯುತ್ತ ಇಳಿಯುತ್ತ ಕುಸಿದರು. ಗಾಜೆಲ್ಲ ಮುಚ್ಚಿತ್ತು, ಹೊರಗಿನ ಸದ್ದು ಬರುವ ಮಾತೇ ಇಲ್ಲ. ಆದರೂ ಕೇಳಿಸಿತು. ಒಣಕಟ್ಟಿಗೆ ಮುರಿದ ಸದ್ದು. ಏಸಿಯ ಕಿಂಡಿಯೊಳಗಿಂದ.

ಹಿಂದಿನ ಸೀಟಿನಲ್ಲಿ ಪುಟ್ಟಿ ಚಪ್ಪಾಳೆ ತಟ್ಟಿತು. "ಅಮ್ಮ ಬೈದ್ರೆ ಸ್ಟಾರ್ಟ್ ಆಗುತ್ತೆ! ಅಮ್ಮ ಬೈದ್ರೆ ಸ್ಟಾರ್ಟ್ ಆಗುತ್ತೆ!"

ಮಗಳನ್ನು ಸ್ಕೂಲಿಗೆ ಬಿಟ್ಟವಳು ಕ್ಲಿನಿಕ್ಕಿಗೆ ಹೋಗಲಿಲ್ಲ. ಸಿಕ್ಕಿದ ಗ್ಯಾರೇಜಿಗೆ ನುಗ್ಗಿಸಿ, "ಏಸಿ ಬಿಚ್ಚಿ," ಅಂದಳು.

ಗ್ಯಾರೇಜಿನವನು ಸಿನಿಮಾ ಹಾಡು ಗುನುಗುತ್ತ ಫಲಕ ಬಿಚ್ಚಿ, ಟಾರ್ಚ್ ಹಿಡಿದು, ಒಳಗೆ ಕೈ ಹಾಕಿದ. ಹಾಡು ನಿಂತಿತು. "ಅಯ್ಯೋ!" ಎಂದು ಕೈ ಎಳೆದುಕೊಂಡ. ಬೆರಳಿನ ಸುತ್ತ ರಕ್ತದ ಚುಕ್ಕಿಗಳು, ಉಂಗುರ ತೊಡಿಸಿದ ಹಾಗೆ.

ಡಾಕ್ಟರಮ್ಮ ಟಾರ್ಚ್ ಕಿತ್ತುಕೊಂಡು ಬಗ್ಗಿದಳು. ವೈರುಗಳ ನಡುವೆ ಕರಿ ಮೇಣದ ಮುದ್ದೆ. ಅದರ ಸುತ್ತ ನರೆಗೂದಲು. ಮೇಣದೊಳಗೆ ಮೇಲೊಂದು ಸಾಲು, ಕೆಳಗೊಂದು ಸಾಲು. ಹಲ್ಲು. ದಿನಬೆಳಗಾದರೆ ನೋಡುವ ವಸ್ತು. ಯಾರೋ ಮುದುಕಿಯ ಹಲ್ಲು, ತೇದು ತೇದು ಮೊಂಡಾದದ್ದು. ಬೇರಿನ ತುದಿಗಳು ಮುರಿದಿದ್ದವು. ಇಕ್ಕಳವಿಲ್ಲದೆ, ಸೂಜಿಮದ್ದಿಲ್ಲದೆ ಕಿತ್ತವು. ಸಾಲುಗಳ ನಡುವೆ ಏನೋ ತೇವವಾಗಿ ಹೊಳೆಯುತ್ತಿತ್ತು.

"ತಗೊಂಡ್ಹೋಗಿ ಅಮ್ಮ," ಗ್ಯಾರೇಜಿನವನು ಗೋಡೆಗೆ ಆತುಕೊಂಡಿದ್ದ. "ಇದು ಕೆಟ್ಟಿರೋದಲ್ಲ. ಮಾಡಿಸಿರೋದು."

ಅಲ್ಲಿಂದಲೇ ಕಾರು ಮಾರಿದ ಮುದುಕಿಗೆ ಫೋನ್ ಮಾಡಿದಳು.

"ನಮ್ಮ ಯಜಮಾನ್ರು ಹಿಂದಿನ ಸೀಟಲ್ಲಿ ಕೂತು ಡ್ರೈವರ್‌ಗೆ ಬಯ್ತಿದ್ರು. ಕಾರು ಕೆಟ್ರೂ ಅವನಿಗೇ, ದಾರಿ ಜಾಮ್ ಆದ್ರೂ ಅವನಿಗೇ. ಒಂದಿನ ಸ್ಟೀರಿಂಗ್ ಮೇಲೆ ತಲೆ ಇಟ್ಟವ್ನು ಎತ್ತಲೇ ಇಲ್ಲ. ಅವನ ತಾಯಿ ಬಂದ್ಲು. ಅಳ್ಲಿಲ್ಲ. 'ನನ್ನ ಮಗ ಬೈಗುಳ ತಿಂದು ತಿಂದೇ ಸತ್ತ. ಇನ್ಮೇಲೆ ಇದು ತಿನ್ಲಿ' ಅಂದ್ಲು. ಮಾರನೇ ದಿನ ನೋಡಿದ್ರೆ ಅವಳ ಬಾಯಲ್ಲಿ ಒಂದೂ ಹಲ್ಲಿಲ್ಲ. ತುಟಿಯೆಲ್ಲ ರಕ್ತ."

"ಕಾರಿಗೇ ಬೈದ್ರೆ?"

"ಅದಕ್ಕೇನಾಗುತ್ತೆ? ಒಂದು ತುತ್ತು ಸಿಕ್ತು ಅಂದ್ಕೊಳುತ್ತೆ. ಬೈಸ್ಕೊಂಡು ಬೈಸ್ಕೊಂಡೇ ಬೆಳೆದಿದ್ದು ಅದು."

"ಇದನ್ನೆಲ್ಲ ಮೊದಲೇ ಹೇಳ್ಬಾರ್ದಿತ್ತಾ?"

"ಹೇಳಿದ್ನಲ್ಲಮ್ಮ. ನೀನು ನಕ್ಕೆ."

ಮಹಾರಾಣಿಯನ್ನು ಗುಜರಿಗೆ ಎಳೆದೊಯ್ಯಲು ಅವತ್ತೇ ಟ್ರಕ್ಕಿನವನಿಗೆ ಹೇಳಿದಳು. ಗ್ಯಾರೇಜಿನ ಅಂಗಳದಲ್ಲೇ ಕಾದು ನಿಂತಳು. ಇನ್ನು ಈ ಜನ್ಮದಲ್ಲಿ ಯಾರಿಗೂ ಬಯ್ಯುವುದಿಲ್ಲ ಎಂದು ಕೆನ್ನೆ ಬಡಿದುಕೊಂಡಳು. ಟ್ರಕ್ ಬರಲಿಲ್ಲ; ಸ್ಕೂಲಿನಿಂದ ಫೋನ್ ಬಂತು.

"ಬೇಗ ಬನ್ನಿ. ನಿಮ್ಮ ಮಗುಗೆ ಉಸಿರು ಸಿಗ್ತಿಲ್ಲ. ಉಬ್ಬಸದ ಪಂಪ್ ಖಾಲಿಯಾಗಿದೆ."

ರಸ್ತೆಗೆ ಓಡಿದಳು. ಕೈ ಬೀಸಿದಳು. ಒಂದು ಗಾಡಿಯೂ ನಿಲ್ಲಲಿಲ್ಲ. ಬೆನ್ನ ಹಿಂದೆ, ಯಾರೂ ಸ್ಟಾರ್ಟ್ ಗುಂಡಿ ಮುಟ್ಟದೆಯೇ, ಮಹಾರಾಣಿ ಚಾಲೂ ಆಗಿ ನಿಂತಿತ್ತು. ಇಲಿ ಕಂಡ ಬೆಕ್ಕಿನಷ್ಟು ಮೆತ್ತಗೆ.

ಹತ್ತಬಾರದಿತ್ತು. ಹತ್ತಿದಳು. ಉಸಿರಿಲ್ಲದ ಮಗುವಿನ ತಾಯಿಗೆ ಬೇಕು ಬೇಡ ಎಲ್ಲಿಯದು?

ಸ್ಕೂಲಿನಲ್ಲಿ ಪುಟ್ಟಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದಾಗ ಅದರ ತುಟಿಯ ಅಂಚು ನೇರಳೆಯಾಗಿತ್ತು. ಆಸ್ಪತ್ರೆ ದೂರವಿರಲಿಲ್ಲ, ನಡುವೆ ರೈಲು ಹಳಿಯ ಕೆಳಗಿನ ಅಂಡರ್‌ಪಾಸ್ ಒಂದು. ಹಗಲಲ್ಲೂ ಕತ್ತಲು ತುಂಬಿ ಪಾಚಿ ನಾರುವ ಸುರಂಗ. ನಟ್ಟನಡುವೆ ಕಾರು ನಿಂತಿತು.

ದೀಪಗಳು ಆರಿದವು. ಬಾಗಿಲುಗಳು ಟಕ್ ಎಂದು ಮುಚ್ಚಿಕೊಂಡವು.

ಗುಂಡಿ ಒತ್ತಿದಳು. ಇಲ್ಲ. ಬಾಗಿಲು ಎಳೆದಳು. ಇಲ್ಲ. ಹಾರ್ನ್ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಚಪ್ಪಲಿ ಕಳಚಿ ಗಾಜಿಗೆ ಬಡಿದಳು. ಹೊರಗೆ ಜನ ಬೈಯುತ್ತ ಪಕ್ಕದಿಂದ ಹಾದುಹೋಗುತ್ತಿದ್ದರು. ಕಪ್ಪು ಗಾಜಿನೊಳಗಿನದು ಯಾರಿಗೆ ಕಂಡೀತು? ಒಸಡಿನ ನಾತ ದಟ್ಟವಾಯಿತು. ಕಿಂಡಿಯೊಳಗೆ ಏನೋ ಚಪ್ಪರಿಸಿತು.

ಹಿಂದಿನಿಂದ ಸುಯ್. ಸುಯ್. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮತ್ತೆ ಸುಯ್.

"ನಾನೇ ಹಾಳಾಗ್ಹೋಗ್ಲಿ!" ಡಾಕ್ಟರಮ್ಮ ಕಿರುಚಿದಳು. "ನಂಗೇ ಬರಬಾರದ್ದು ಬರ್ಲಿ! ತಗೋ, ತಿನ್ನು!"

ಎದುರಿನ ದೀಪ ಒಮ್ಮೆ ಮಿಣುಕಿತು. ಆರಿತು. ಉಗುಳಿದ ಹಾಗೆ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಮಗಳ ಮೇಲಿನ ಪ್ರೀತಿಯಿತ್ತು. ಅದಕ್ಕೆ ಅದು ರುಚಿಸಲಿಲ್ಲ.

ಯಾರಿಗೆ ಬಯ್ಯಲಿ? ಟೈ ಹುಡುಗನ ಇಳಿಬಿದ್ದ ತುಟಿ ಕಣ್ಣಿಗೆ ಕಟ್ಟಿತು. ಮೇಷ್ಟ್ರ ಕಾಲು. ಕಡಲ ಮೇಲಿರುವ ಗಂಡನ ಹೆಸರು ನಾಲಿಗೆಯ ತುದಿಗೆ ಬಂತು, ಕಚ್ಚಿ ಹಿಡಿದಳು. ರಕ್ತದ ಉಪ್ಪು ಬಾಯಿ ತುಂಬಿತು.

"ಬಾಗ್ಲು... ತೆಗಿ... ಅಮ್ಮಾ..."

"ಕಾರು ಕೆಟ್ಟಿದೆ ಕಂದಾ! ಏನ್ ಮಾಡ್ಲಿ ನಾನು? ಕಾರು ಕೆಟ್ಟೋಗಿದೆ!"

ಪುಟ್ಟಿ ಒದ್ದಾಡುತ್ತ ಅವಳ ಸೀಟಿನ ಬೆನ್ನಿಗೆ ಒದೆಯಿತು. ಕಣ್ಣಲ್ಲಿ ನೀರು, ಭಯ, ಬಾಗಿಲು ತೆಗೆಯದ ಅಮ್ಮನ ಮೇಲೆ ಕೆಂಡದಂಥ ಸಿಟ್ಟು. ಉಳಿದಿದ್ದ ಉಸಿರನ್ನೆಲ್ಲ ಒಟ್ಟು ಮಾಡಿ ಕೂಗಿತು.

"ಕಾರಲ್ಲ... ನೀನು! ನೀನು ಕೆಟ್ಟೋಗು!"

ಮಹಾರಾಣಿ ಎದ್ದಿತು. ಎಲ್ಲ ದೀಪಗಳೂ ಒಟ್ಟಿಗೆ ಹೊತ್ತಿದವು. ಇಂಜಿನ್ ಗುಳಗುಳ ನುಂಗಿತು. ಸುರಂಗ ಹಿಂದೆ ಸರಿಯಿತು. ಬೆಳಕು. ಆಸ್ಪತ್ರೆಯ ಗೇಟು. ಯಾರೋ ಮಗುವನ್ನು ಎತ್ತಿಕೊಂಡು ಓಡಿದರು.

ಮೂಗಿಗೆ ಆಕ್ಸಿಜನ್ ಮಾಸ್ಕ್ ಬಿತ್ತು, ಸೂಜಿ ಬಿತ್ತು. ಹೊತ್ತು ಇಳಿಯುವಷ್ಟರಲ್ಲಿ ಪುಟ್ಟಿಯ ಎದೆ ಹೂವಿನಷ್ಟು ಹಗುರಾಗಿ ಏರಿಳಿಯತೊಡಗಿತು. "ಗಂಡಾಂತರ ಕಳೀತು ತಾಯಿ. ಮನೆಗೆ ಕರ್ಕೊಂಡು ಹೋಗಿ," ಅಂದ ನರ್ಸು ಡಾಕ್ಟರಮ್ಮನ ಭುಜ ಮುಟ್ಟಿದಳು.

ಡಾಕ್ಟರಮ್ಮ ಅಳಲಿಲ್ಲ. ಅಳು ಬರಬೇಕಿತ್ತಲ್ಲ ಎಂದು ಹುಡುಕಿದಳು. ಹಲ್ಲು ಕಿತ್ತ ಮೇಲೆ ನಾಲಿಗೆ ಮತ್ತೆ ಮತ್ತೆ ಹೋಗಿ ತಡಕುವ ಗುಳಿಯಿದೆಯಲ್ಲ, ಅಂಥದೊಂದು ಎದೆಯಲ್ಲಿತ್ತು. ನೋವಿಲ್ಲ. ನುಣುಪು. ಅಲ್ಲಿ ಮೊದಲು ಏನಿತ್ತು ಎಂಬುದೇ ನೆನಪಿಗೆ ಬರಲಿಲ್ಲ. ಟ್ರಕ್ಕಿನವನ ಫೋನ್ ಬಂತು. "ಬೇಡ ಹೋಗಯ್ಯಾ," ಅಂದಳು. ಸುಖವೆನಿಸಿತು. ನರ್ಸಿನ ಕೈ ಬೆವರಿತ್ತು, ಅಸಹ್ಯ. ಮಗುವಿನ ಕೆನ್ನೆಯ ಮೇಲೆ ಮಾಸ್ಕಿನ ಅಚ್ಚು ಮೂಡಿತ್ತು, ಅದೂ.

ವಾಹನ ನಿಲ್ಲಿಸುವ ಅಂಗಳ ಬರಿದಾಗಿತ್ತು. ಕಂಬದ ದೀಪ ಆಗತಾನೆ ಹೊತ್ತಿಕೊಂಡಿತ್ತು. ಕಾರಿನ ಬಾಗಿಲ ಬಳಿ ಪುಟ್ಟಿ ನಿಂತುಬಿಟ್ಟಿತು.

"ನಡ್ಕೊಂಡು ಹೋಗೋಣ ಅಮ್ಮ."

"ಹತ್ತು."

"ನಾನು ಸುಮ್ನೆ ಅಂದಿದ್ದು ಅಮ್ಮ. ನಿಜವಾಗ್ಲೂ ಅಲ್ಲ."

"ಹತ್ತು ಅಂದೆ."

ಮಗು ಹತ್ತಿತು. ಬೆಲ್ಟನ್ನು ತಾನೇ ಹಾಕಿಕೊಂಡಿತು. ಬಾಗಿಲು ಮುಚ್ಚಿದೊಡನೆ ಊರು ಪಿಸುಮಾತಿಗಿಳಿಯಿತು.

ಡಾಕ್ಟರಮ್ಮ ಗುಂಡಿ ಒತ್ತಿದಳು. ಫಲಕ ಕಪ್ಪಗೇ ಇತ್ತು. ಅವಳಿಗೆ ಬೇಸರವಾಗಲಿಲ್ಲ. ಆತುರವೂ ಇರಲಿಲ್ಲ. ಎಡಕ್ಕೆ ನೋಡಿದಳು: ಕಾವಲುಗಾರನ ಕುರ್ಚಿ ಖಾಲಿ. ಬಲಕ್ಕೆ ನೋಡಿದಳು: ಗೋಡೆ. ಬಯ್ಯೋಣವೆಂದರೆ ರಸ್ತೆಯಲ್ಲಿ ಒಂದು ನರಪಿಳ್ಳೆಯಿಲ್ಲ. ನಾಲಿಗೆಯ ಬುಡದಲ್ಲಿ ಸಿಹಿಯಾದದ್ದೇನೋ ಊರುತ್ತಿತ್ತು.

ನಿಧಾನವಾಗಿ ಕನ್ನಡಿಯನ್ನು ತಿರುಗಿಸಿದಳು. ಅದರಲ್ಲಿ ಪುಟ್ಟಿಯ ಎರಡು ಕಣ್ಣುಗಳಿದ್ದವು, ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತ.

"ಅಮ್ಮಾ?"

ಡಾಕ್ಟರಮ್ಮ ಬಾಯಿ ತೆರೆದಳು.