ಎಂಟೋ, ಹದಿನಾರೋ?

ಬಂಗಾರಿ ಹಾಡಿದ ನೂರಾ ಹನ್ನೆರಡು ಹಾಡುಗಳ ಧ್ವನಿಮುದ್ರಣ ಕಾಣೆಯಾದದ್ದು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಗೊತ್ತಾಯಿತು.

ಹೊನ್ನಾವರದ ಹಾಡು ಸಂಗ್ರಹ ಕೇಂದ್ರದ ನೌಕರ ಸುಧಾಕರ ಅಲ್ಲಿನ ಸರ್ವರ್ ತೆರೆದು ನೋಡಿದ. ಖಾಲಿ! ಕಪಾಟಿಗೆ ಓಡಿದ. ಅಲ್ಲಿಟ್ಟಿದ್ದ ಇನ್ನೊಂದು ಪ್ರತಿಯ ಡಿಸ್ಕೂ ಇಲ್ಲ. ಆ ಕೋಣೆಯ ಕೀಲಿ ಇದ್ದದ್ದು ಕೇಂದ್ರದ ಮೂವರ ಬಳಿ ಮಾತ್ರ. ಮತ್ತೊಮ್ಮೆ ಹಾಡಿಸೋಣವೆಂದರೆ ದಾರಿಯಿರಲಿಲ್ಲ. ಬಂಗಾರಿಗೆ ಲಕ್ವ ಹೊಡೆದು ವರ್ಷವಾಗಿತ್ತು. ಹಳದೀಪುರದ ಮನೆಯಲ್ಲಿ ಮಲಗಿದ್ದ ಆ ಮುದುಕಿಗೆ ಈಗ ಮಾತೇ ಹೊರಡುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಗಾಯತ್ರಿ ಕುಮಟಾದಿಂದ ಬಸ್ಸಿನಲ್ಲಿ ಬಂದಿಳಿದಳು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಅಳಿದ ಕಡತಗಳ ಜಾಡು ಹಿಡಿಯುವುದಕ್ಕೆ ಪೊಲೀಸರೂ ಅವಳನ್ನು ಕರೆಯುವುದುಂಟು. ಈ ಸಲ ಕರೆದದ್ದು ಅವಳ ಹಳೆಯ ವಿದ್ಯಾರ್ಥಿನಿ, ಕೇಂದ್ರದಲ್ಲೇ ಕೆಲಸ ಮಾಡುವ ದಿವ್ಯಶ್ರೀ. ಕೇಂದ್ರದ ಮುಖ್ಯಸ್ಥ ವಿಘ್ನೇಶ್ವರ ಮೇಷ್ಟ್ರಂತೂ ಗಾಯತ್ರಿಗೆ ಕನ್ನಡ ಕಲಿಸಿದ ಗುರು; ಬಂಗಾರಿಯ ಹಾಡುಗಳ ಅರ್ಥ ವಿವರಿಸಿದ ಅವರ ಪುಸ್ತಕ ಹೆಸರುವಾಸಿ. ಹಾಗಾಗಿ ಒಳಗೆ ಕಾಲಿಡುವಾಗಲೇ ಅವಳ ಮನಸ್ಸು ಸರಿಯಿರಲಿಲ್ಲ.

"ಮೇಷ್ಟ್ರು ನಾಳೆ ಪೊಲೀಸರಿಗೆ ದೂರು ಕೊಡ್ತಾರಂತೆ ಮೇಡಂ, ನನ್ನ ಮೇಲೆ," ಎಂದಳು ದಿವ್ಯಶ್ರೀ. ಕಣ್ಣು ಊದಿಕೊಂಡಿತ್ತು.

"ನಿನ್ನ ಮೇಲೆ ಎಂತಕ್ಕೆ?"

ಉತ್ತರ ಕೊಟ್ಟವನು ಸುಧಾಕರ. "ಹೊಸ ಸರ್ವರ್ ತಕಳೂದಿತ್ತು. ಹಾಡು, ಅದರ ಮುಂಚೆ ಬಂಗಾರಿಯ ತಮ್ಮ ಶುಕ್ರ ಹೇಳಿದ ಅರ್ಥ, ಎಲ್ಲ ಕೇಳಿ ತಾನೇ ಅಕ್ಷರಕ್ಕೆ ಇಳಿಸೂದು. ಪ್ರೊಸೆಸರ್ ಎಂತದ್ದು ಬೇಕು ಅಂತ ನಮ್ಮಿಬ್ಬರಿಗೆ ತಿಂಗಳಿಂದ ಜಗಳ. ಮುಂದೆ ಬರೂ ಚಿಪ್‌ಗಳಲ್ಲಿ ಒಂದು ಕೋರಿಗೆ ಒಂದೇ ಥ್ರೆಡ್ ಸಾಕು, ಕೋರುಗಳನ್ನೇ ಹೆಚ್ಚು ಮಾಡ್ಲಿ ಅಂತ ನಾನು."

"ಡೆಸ್ಕ್‌ಟಾಪಿಗೆ ಅದು ಸರಿ," ಎಂದು ದಿವ್ಯಶ್ರೀ ಅಳುವಿನ ನಡುವೆಯೂ ಬಿಡಲಿಲ್ಲ. "ಸರ್ವರಿಗೆ ಎರಡು ಥ್ರೆಡ್ ಬೇಕೇ ಬೇಕು. ಕೋರ್ ಅಂದ್ರೆ ಅಡುಗೆಯವಳು, ಥ್ರೆಡ್ ಅಂದ್ರೆ ಅವಳ ಕೈಲಿರೂ ಕೆಲಸ. ಅನ್ನ ಬೇಯೂವರೆಗೆ ಅಡುಗೆಯವಳು ಸುಮ್ನೆ ಕೂತ್ಕಳ್ತಾಳಾ? ಸಾರಿಗೆ ಒಗ್ಗರಣೆ ಹಾಕ್ತಾಳೆ."

"ಎರಡೂ ಸೀದು ಹೋದ್ರೆ? ಅದೇ ಈಗ ಆದದ್ದು!" ಸುಧಾಕರ ಗಾಯತ್ರಿಯತ್ತ ತಿರುಗಿದ. "ನಿನ್ನೆ ಹಳೆ ಸರ್ವರಿನ ಮೇಲೇ ಪರೀಕ್ಷೆ ಮಾಡುವಾ ಅಂದ್ರು ಮೇಷ್ಟ್ರು. ಹನ್ನೊಂದರಿಂದ ಹನ್ನೆರಡು ಇವಳ ಸರದಿ. ಹಾಡು ಹಾಳಾಗಿರ್ಬೇಕು. ಮುಚ್ಚಿಡೂಕೆ ಎಲ್ಲ ಅಳಿಸಿ, ಡಿಸ್ಕನ್ನೂ ಮಾಯ ಮಾಡಿದ್ದಾಳೆ. ಅಳಿಸಿದ್ದರ ವರದಿ ಸರ್ವರಿನಲ್ಲುಂಟು, ಅದರಲ್ಲಿ ಸಮಯ ಉಂಟಲ್ಲ — ಹನ್ನೊಂದು ನಲವತ್ತು!"

ವಿಘ್ನೇಶ್ವರರು ಕನ್ನಡಕ ಒರೆಸುತ್ತ ನಿಟ್ಟುಸಿರುಬಿಟ್ಟರು. "ನಂಗೂ ನಂಬೂಕೆ ಕಷ್ಟವೇ, ಗಾಯತ್ರಿ. ಆದ್ರೆ ಎಂತ ಮಾಡೂದು?"

ಗಾಯತ್ರಿ ಅಳಿಸುವ ತಂತ್ರಾಂಶ ತಾನಾಗಿ ಬರೆದಿಟ್ಟ ವರದಿಯನ್ನು ತೆರೆದಳು. ಸಮಯ ಹನ್ನೊಂದು ನಲವತ್ತು — ನಿಜ. ಅದರ ಕೆಳಗೆ ಯಾರೂ ಓದದ ನಾಲ್ಕೈದು ಸಾಲುಗಳು. ಅವಳು ಓದಿದಳು. ಮತ್ತೊಮ್ಮೆ ಓದಿದಳು.

"ಸುಧಾಕರ, ನಿನ್ನ ಸರದಿ ಎಷ್ಟೊತ್ತಿಗೆ?"

"ಎರಡಕ್ಕೆ. ಒಂದಕ್ಕೆ ಐದು ನಿಮಿಷ ಇರುವಾಗ ಎರಡನೇ ಥ್ರೆಡ್ ಬಂದ್ ಮಾಡಿ, ಸರ್ವರ್ ಮತ್ತೆ ಶುರು ಮಾಡಿಟ್ಟೆ. ಆಮೇಲೆ ಊಟಕ್ಕೆ ಹೋದೆ."

"ಒಬ್ಬನೇ?"

ಅವನು ಮುಜುಗರದಿಂದ ದಿವ್ಯಶ್ರೀಯತ್ತ ನೋಡಿದ. "ಇವಳೂ ಬಂದಿದ್ಲು. ವಾದ ಮುಗಿದಿರ್ಲಿಲ್ಲ."

"ಎರಡು ಗಂಟೆವರೆಗೂ ಒಟ್ಟಿಗೇ ಇದ್ರಾ?"

"ಹೌದು. ಸಾಂಬಾರಿನಲ್ಲಿ ಬೆರಳದ್ದಿ ಮೇಜಿನ ಮೇಲೆ ಪ್ರೊಸೆಸರಿನ ಚಿತ್ರ ಬರೀತಿದ್ಲು. ಹೋಟೆಲಿನವ ಬೈದ."

ಗಾಯತ್ರಿ ನೇರ ಆ ಹೋಟೆಲಿಗೆ ನಡೆದಳು. ಕೌಂಟರಿನಲ್ಲಿದ್ದ ನಾಗಪತಿ ಮರೆತಿರಲಿಲ್ಲ. "ಅಯ್ಯೋ, ಆ ಇಬ್ರಾ? ಒಂದರಿಂದ ಎರಡರವರೆಗೆ ನಮ್ ತಲೆ ತಿಂದ್ರು ಮಾರಾಯ್ತಿ. ಗಂಡ-ಹೆಂಡ್ತಿ ಅಂದ್ಕಂಡಿದ್ದೆ!"

ಅವಳು ಹಿಂತಿರುಗಿದಾಗ ಮೂವರೂ ಅಲ್ಲೇ ಕುಳಿತಿದ್ದರು. ಗಾಯತ್ರಿ ಕುರ್ಚಿ ಎಳೆದುಕೊಂಡಳು.

"ಎಲ್ಲರೂ ಸಮಯ ನೋಡಿದಿರಿ. ಕೆಳಗಿನ ಸಾಲು ಬಿಟ್ಟಿರಿ. 'ಲಭ್ಯ ಥ್ರೆಡ್‌ಗಳು: ಎಂಟು' ಅಂತ ಉಂಟು."

ಸುಧಾಕರ ದಡಬಡಿಸಿ ಎದ್ದ. "ಎಂಟಾ?"

"ಈ ಸರ್ವರಿಗೆ ಎಂಟು ಕೋರ್. ದಿವ್ಯಶ್ರೀಯ ಪರೀಕ್ಷೆಯಲ್ಲಿ ಒಂದೊಂದಕ್ಕೂ ಎರಡು ಥ್ರೆಡ್. ಹನ್ನೊಂದು ನಲವತ್ತಕ್ಕೆ ಅಳಿಸಿದ್ರೆ ಅಲ್ಲಿ ಹದಿನಾರು ಇರ್ಬೇಕಿತ್ತು. ಎಂಟಾದದ್ದು ನೀನು ಎರಡನೇ ಥ್ರೆಡ್ ಬಂದ್ ಮಾಡಿದ ಮೇಲೆ. ಅಂದ್ರೆ ಹಾಡು ಅಳಿದದ್ದು ಒಂದು ಗಂಟೆಯ ನಂತರ. ಯಾರೋ ಸರ್ವರಿನ ಗಡಿಯಾರ ಹಿಂದೆ ತಿರುಗಿಸಿ, ಅಳಿಸಿ, ಮತ್ತೆ ಸರಿಮಾಡಿದ್ದಾರೆ. ಆ ಒಂದು ಗಂಟೆ ನೀವಿಬ್ಬರೂ ಹೋಟೆಲಿನಲ್ಲಿ. ಕೋಣೆಯ ಕೀಲಿ ಇದ್ದ ಮೂರನೆಯವರು..."

ಅವಳು ಹೆಸರು ಹೇಳಲಿಲ್ಲ. ಇಬ್ಬರೂ ತಿರುಗಿದರು. ವಿಘ್ನೇಶ್ವರರು ಕನ್ನಡಕವನ್ನು ಮೇಜಿನ ಮೇಲಿಟ್ಟರು.

"ಮೇಷ್ಟ್ರೇ, ಎಂತಕ್ಕೆ?" ಗಾಯತ್ರಿ ಕೇಳಿದಳು. "ಪ್ರತಿ ಹಾಡಿನ ಮುಂಚೆ ಬಂಗಾರಿಯ ತಮ್ಮ ಶುಕ್ರ ಅದರ ಅರ್ಥ ಹೇಳ್ತಿದ್ದನಂತೆ. ಹೊಸ ಸರ್ವರ್ ಅದನ್ನೂ ಅಕ್ಷರಕ್ಕೆ ಇಳಿಸ್ತಿತ್ತು. ಅದಕ್ಕಾ?"

ವಿಘ್ನೇಶ್ವರರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

"ನನ್ನ ಪುಸ್ತಕದಲ್ಲಿರೂ ವಿವರಣೆ ಎಲ್ಲ ಅವನದ್ದೇ," ಎಂದರು ವಿಘ್ನೇಶ್ವರ. "ಶಬ್ದ ಶಬ್ದವೂ. ಅವನ ಹೆಸರು ಒಂದು ಕಡೆಯೂ ಹಾಕ್ಲಿಲ್ಲ. ಶುಕ್ರ ಸತ್ತ. ಬಂಗಾರಿಯ ಬಾಯಿ ಹೋತು. ಇನ್ನು ಯಾರು ಕೇಳ್ತಾರೆ ಅಂದ್ಕಂಡೆ. ಅಷ್ಟರಲ್ಲಿ ಈ ಯಂತ್ರ ಬಂತು."

"ಈ ಹುಡುಗಿ ಜೈಲಿಗೆ ಹೋಗ್ತಿದ್ಲಲ್ಲ?"

ಅವರು ತಲೆ ಎತ್ತಲಿಲ್ಲ. "ಇವರ ಜಗಳ ಊರಿಗೇ ಗೊತ್ತಿತ್ತು. ಯಾರೂ ನನ್ನ ಕಡೆ ನೋಡೂದಿಲ್ಲ ಅನ್ನಿಸ್ತು."

"ಡಿಸ್ಕ್?"

"ಶರಾವತಿಗೆ ಎಸೀಬೇಕು ಅಂತ ಸೇತುವೆವರೆಗೂ ಹೋಗಿದ್ದೆ. ಆಗ್ಲಿಲ್ಲ. ಮನೆಯಲ್ಲಿ ಅಕ್ಕಿ ಡಬ್ಬದಲ್ಲುಂಟು."

ದಿವ್ಯಶ್ರೀ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಳು. ಸುಧಾಕರ ಅವಳಿಗೆ ಒಂದು ಲೋಟ ನೀರು ತಂದುಕೊಟ್ಟ.

"ಏಳಿ ಮೇಷ್ಟ್ರೇ," ಎಂದಳು ಗಾಯತ್ರಿ. "ಮೊದಲು ಡಿಸ್ಕ್ ತರುವಾ. ಆಮೇಲೆ ಹಳದೀಪುರಕ್ಕೆ ಹೋಗುವಾ. ಬಂಗಾರಿಗೆ ಮಾತು ಬರೂದಿಲ್ಲ. ಆದ್ರೆ ಕಿವಿ ಕೇಳ್ತದೆ. ಈಗ ನಂಗೆ ಹೇಳಿದ್ದನ್ನ ಅವಳ ಎದುರು ಕೂತು ನೀವೇ ಹೇಳ್ಬೇಕು."